ಹಿತ್ತಿಲಲ್ಲಿ ಹತ್ತು ಕೋಳಿ, ಬೀದಿಗೆಲ್ಲ ಒಂದೇ ಲಸಿಕೆ

ಊರಿಗೆ ಮರಳಬೇಕು, ತುಂಡು ನೆಲದಲ್ಲಿ ನಾಲ್ಕು ಕೋಳಿ ಸಾಕಬೇಕು, ಯಾರ ಹಂಗೂ ಇಲ್ಲದೆ ಉಣ್ಣಬೇಕು! ಪಟ್ಟಣದ ಎಷ್ಟೋ ಮನೆಗಳಲ್ಲಿ ಇಂದು ಈ ಕನಸಿದೆ. ನಾಗರಹೊಳೆಯ ಮಗ್ಗುಲಿನ ವೀರನಹೊಸಹಳ್ಳಿ ಸೀಮೆಯ ಹಿತ್ತಿಲುಗಳನ್ನು ಕೇಳಿದರೆ ಕನಸು ಕೈಗೂಡುವ ದಾರಿಯೂ ಗೊತ್ತಾಗುತ್ತದೆ, ಅದು ಎಡವುವ ಜಾಗವೂ ಗೊತ್ತಾಗುತ್ತದೆ.

ಆಗಸ್ಟ್ ಬಂತೆಂದರೆ ಒಂದು ಬೆಳಗಿನ ಮಟ್ಟಿಗೆ ಇಡೀ ನಾಡಿನ ಕಣ್ಣು ವೀರನಹೊಸಹಳ್ಳಿಯ ಮೇಲಿರುತ್ತದೆ. ದಸರಾ ಆನೆಗಳ ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ಈ ಕಾಡಂಚಿನ ಊರಿನಿಂದ. ತಳಿರುತೋರಣ, ಮಂಗಳವಾದ್ಯ, ಮಂತ್ರಿಗಳ ಪುಷ್ಪಾರ್ಚನೆ, ಮಾವುತರ ಮಕ್ಕಳ ಸಡಗರ. ಆನೆಗಳು ಮೈಸೂರಿನ ಹಾದಿ ಹಿಡಿಯುತ್ತವೆ, ಟಿ.ವಿ. ಕ್ಯಾಮೆರಾಗಳು ಅವುಗಳ ಬೆನ್ನಿಗೆ ಬೀಳುತ್ತವೆ.

ಅದೇ ಹೊತ್ತಿನಲ್ಲಿ ರಸ್ತೆಯ ಹಿಂದಿನ ಹಿತ್ತಿಲುಗಳಲ್ಲಿ ದಿನದ ಕೆಲಸ ನಡೆದೇ ಇರುತ್ತದೆ. ಕವುಚಿದ ಮಂಕರಿ ಎತ್ತಿದರೆ ತಾಯಿಕೋಳಿ ಮರಿಗಳನ್ನು ಕರೆದುಕೊಂಡು ತಿಪ್ಪೆಯತ್ತ ನಡೆಯುತ್ತದೆ. ಹುಂಜ ಬೇಲಿಯ ಮೇಲೆ ನಿಂತು ಕತ್ತು ಚಾಚುತ್ತದೆ. ಒಳಗಿನಿಂದ ಬಂದ ಹೆಂಗಸು ಒಂದು ಹಿಡಿ ನುಚ್ಚು ಎರಚಿ, ಮರಿಗಳನ್ನು ಕಣ್ಣಲ್ಲೇ ಎಣಿಸಿ, ಆಕಾಶದಲ್ಲಿ ಗಿಡುಗ ಸುತ್ತುತ್ತಿದೆಯೇ ಎಂದು ನೋಡುತ್ತಾಳೆ. ಪಕ್ಕದ ಬ್ಯಾರನ್ನಿನಿಂದ ಹದವಾಗುತ್ತಿರುವ ಹೊಗೆಸೊಪ್ಪಿನ ಘಾಟು ಬರುತ್ತಿರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಬದುಕಿನ ಎರಡು ತುದಿಗಳು ಈ ಹಿತ್ತಿಲಲ್ಲಿ ಒಟ್ಟಿಗೆ ಸಿಗುತ್ತವೆ. ಒಂದು, ವರ್ಜೀನಿಯಾ ತಂಬಾಕು. ನೆಟ್ಟವರ ಮನೆಯಲ್ಲಿ ಯಾರೂ ಅದನ್ನು ಉಣ್ಣಲಾರರು. ಅದರ ಬೆಲೆ ತೀರ್ಮಾನವಾಗುವುದು ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ, ಸೌದೆ, ಗೊಬ್ಬರ, ಸಾಲದ ಲೆಕ್ಕವೆಲ್ಲ ಮುಗಿಯುವುದೂ ಅಲ್ಲಿಯೇ. ಇನ್ನೊಂದು, ಕೋಳಿ. ಅದರ ಮೊಟ್ಟೆ ಒಲೆಯ ಮೇಲಿನ ಬಾಣಲೆಗೆ ನೇರವಾಗಿ ಬೀಳುತ್ತದೆ. ಅದರ ಬೆಲೆಯನ್ನು ಮನೆಯ ಹೆಂಗಸು ಬಾಗಿಲಲ್ಲೇ ನಿಂತು ಹೇಳುತ್ತಾಳೆ.

ಹೆಂಗಸಿನ ಗಂಟು

ಹಳೆ ಮೈಸೂರು ಸೀಮೆಯಲ್ಲಿ ಕೋಳಿ ಎಂದೂ ಗಂಡಸರ ಲೆಕ್ಕದ ಪುಸ್ತಕಕ್ಕೆ ಹೋದದ್ದಲ್ಲ. ಮಗುವಿನ ನೋಟ್ ಪುಸ್ತಕ, ಸಂತೆಯ ಬಳೆ, ತವರಿಗೆ ಹೋಗಿಬರುವ ಬಸ್ ಚಾರ್ಜು, ಜ್ವರ ಬಂದಾಗ ಆಸ್ಪತ್ರೆಯ ಖರ್ಚು ಎಲ್ಲವೂ ಮೊಟ್ಟೆ ಮತ್ತು ಹ್ಯಾಟೆ ಮಾರಿದ ದುಡ್ಡಿನಿಂದ ನಡೆದಿವೆ. ಹೊಸತೊಡಕಿಗೆ, ಮಾರಿಹಬ್ಬಕ್ಕೆ ನಾಟಿ ಕೋಳಿಯ ಬೆಲೆ ಏರುವುದನ್ನು ಕಾದು ಹುಂಜ ಉಳಿಸಿಕೊಳ್ಳುವ ಜಾಣ್ಮೆಯೂ ಅವರದೇ. ನೆಂಟರು ಬಂದ ರಾತ್ರಿ ಮುದ್ದೆಯ ಜೊತೆ ನಾಟಿ ಕೋಳಿ ಸಾರು ಬಡಿಸಿದಾಗ ಮನೆಯ ಮರ್ಯಾದೆ ಉಳಿಯುತ್ತದೆ.

ಕೋಳಿ ಕೊಳ್ಳಲು ಕೈಯಲ್ಲಿ ಕಾಸಿಲ್ಲದವರಿಗೂ ಒಂದು ದಾರಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಹ್ಯಾಟೆಯೊಂದನ್ನು ಪಾಲಿಗೆ ತಂದು ಸಾಕುವುದು. ಮರಿಗಳು ದೊಡ್ಡವಾದಾಗ ಅರ್ಧ ಕೋಳಿಯ ಒಡತಿಗೆ, ಅರ್ಧ ಸಾಕಿದವಳಿಗೆ. ಬ್ಯಾಂಕು, ಜಾಮೀನು, ಸಹಿ ಯಾವುದೂ ಬೇಡ. ಎರಡು ಮನೆಗಳ ನಡುವಿನ ನಂಬಿಕೆಯೇ ಅದಕ್ಕೆ ಬಂಡವಾಳ.

ಕಾವಿಗೆ ಕೂರಿಸುವುದೂ ಒಂದು ವಿದ್ಯೆ. ವಾರದೊಳಗೆ ಇಟ್ಟ ಮೊಟ್ಟೆಗಳನ್ನೇ ಆರಿಸಬೇಕು. ಬುಟ್ಟಿಗೆ ಹುಲ್ಲು ಹಾಸಿ, ಹ್ಯಾಟೆಯ ರೆಕ್ಕೆಯಡಿ ಹಿಡಿಸುವ ಹತ್ತು-ಹನ್ನೆರಡನ್ನು ಮಾತ್ರ ಇಡಬೇಕು. ಸಿಡಿಲಿಗೆ ಮೊಟ್ಟೆ ಕೆಡದಿರಲೆಂದು ಕೆಲವು ಮನೆಗಳಲ್ಲಿ ಇದ್ದಿಲು, ಕಬ್ಬಿಣದ ಚೂರು ಇಡುತ್ತಾರೆ. ವಾರದ ನಂತರ ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು, ಒಳಗೆ ರಕ್ತನಾಳದ ಎಳೆ ಕಾಣದಿದ್ದರೆ ತೆಗೆದುಹಾಕುತ್ತಾರೆ. 21ನೆಯ ದಿನ ಮರಿಗಳ ಚಿಲಿಪಿಲಿ.

ಮರಿಗೆ ಮೊದಲ ವಾರಗಳಲ್ಲಿ ಬೇಕಾದದ್ದು ಪ್ರೋಟೀನು. ಅದಕ್ಕೆ ಇಲ್ಲಿನವರು ಕಂಡುಕೊಂಡ ಉಪಾಯ ಗೆದ್ದಲು. ಹಳೆಯ ಮಡಕೆಗೆ ಒಣಹುಲ್ಲು, ಸಗಣಿ ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ರಾತ್ರಿ ಬೋರಲು ಹಾಕಿದರೆ ಬೆಳಗಿನ ಹೊತ್ತಿಗೆ ಮಡಕೆಯ ತುಂಬ ಮರಿಗಳ ಊಟ.

[ ಕಾಡಿನಿಂದ ಹಿತ್ತಿಲಿಗೆ ]

* ನಾಗರಹೊಳೆಯ ಬೇಲಿಯಾಚೆ ಮುಂಜಾನೆ ಕೂಗುವ ಕಾಡುಕೋಳಿ ದಕ್ಷಿಣ ಭಾರತದ ಸ್ವಂತದ್ದು: ಬೂದು ಕಾಡುಕೋಳಿ. ಕತ್ತಿನ ಗರಿಗಳ ಮೇಲೆ ಮೇಣ ಹಚ್ಚಿದಂಥ ಹೊಳೆಯುವ ಚುಕ್ಕೆ ಇದರ ಗುರುತು.
* ಜಗತ್ತಿನ ಊರುಕೋಳಿಗಳ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಅದೊಂದೇ ಮೂಲ ಎಂದು ಚಾರ್ಲ್ಸ್ ಡಾರ್ವಿನ್ ನಂಬಿದ್ದ.
* 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ಆ ನಂಬಿಕೆಯನ್ನು ತಿದ್ದಿತು. ಊರುಕೋಳಿಯ ಹಳದಿ ಚರ್ಮ, ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಬಂದದ್ದು ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಎಂದು ತೋರಿಸಿತು.
* ಅಂದರೆ, ಅಮೆರಿಕದ ಫಾರಂ ಕೋಳಿಯ ಹಳದಿ ಕಾಲಿನಲ್ಲೂ ನಮ್ಮ ದಕ್ಷಿಣದ ಕಾಡಿನ ಪಾಲಿದೆ.
* ಕಾಡುಕೋಳಿಯ ಬೇಟೆ ಅಪರಾಧ. ಅದರ ಮೊಟ್ಟೆ ತಂದು ಮನೆಯಲ್ಲಿ ಕಾವಿಗಿಡುವುದೂ ಸಲ್ಲದು.

ಹೆಬ್ಬಾಳದ ಗಿರಿರಾಜ

ನಾಟಿ ಹ್ಯಾಟೆ ಗಟ್ಟಿ ಜೀವ. ಗಿಡುಗ ಕಂಡರೆ ಸದ್ದು ಮಾಡಿ ಮರಿಗಳನ್ನು ರೆಕ್ಕೆಯಡಿ ಸೇರಿಸುತ್ತದೆ, ಸಂಜೆಯಾದರೆ ಮರವೇರುತ್ತದೆ. ಆದರೆ ವರ್ಷಕ್ಕೆ ಅದು ಇಡುವುದು ಐವತ್ತು-ಅರವತ್ತು ಮೊಟ್ಟೆ. ಒಂದು ಸರದಿ ಇಟ್ಟು ಮುಗಿಸಿದರೆ ಕಾವು, ಆಮೇಲೆ ಮರಿಗಳ ಪಾಲನೆ. ಅಲ್ಲಿಗೆ ಮೂರು ತಿಂಗಳು ಕಳೆದುಹೋಗುತ್ತದೆ.

ಈ ಕೊರತೆಗೆ ಕರ್ನಾಟಕದಲ್ಲೇ ಉತ್ತರ ಹುಟ್ಟಿತು. ಆಗ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕೋಳಿ ವಿಜ್ಞಾನಿಗಳು 1989ರಲ್ಲಿ ‘ಗಿರಿರಾಜ’ ತಳಿಯನ್ನು ಬಿಡುಗಡೆ ಮಾಡಿದರು. ಬಣ್ಣಬಣ್ಣದ ಗರಿ, ದಷ್ಟಪುಷ್ಟ ಮೈ, ಹಿತ್ತಿಲಲ್ಲಿ ಮೇಯ್ದು ಬದುಕುವ ಗುಣ, ವರ್ಷಕ್ಕೆ 130ರಿಂದ 150 ಕಂದು ಮೊಟ್ಟೆ. 2005ರ ಹೊತ್ತಿಗೆ ಅದೇ ಅಂಗಳದಿಂದ ‘ಸ್ವರ್ಣಧಾರಾ’ ಬಂತು. ಗಿರಿರಾಜನಿಗಿಂತ ಹಗುರ, ಓಟದಲ್ಲಿ ಚುರುಕು, ಮೊಟ್ಟೆ 180ರಿಂದ 190. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ ತಳಿಗಳೂ ಇದೇ ದಾರಿಯಲ್ಲಿ ಹಳ್ಳಿ ಸೇರಿದವು.

ಹೊಸ ತಳಿಗಳು ಒಂದು ಗುಣವನ್ನು ಮಾತ್ರ ಮರೆತುಬಂದವು. ಅವು ಕಾವು ಕೂರುವುದು ತೀರಾ ಅಪರೂಪ. ಹೆಚ್ಚು ಮೊಟ್ಟೆ ಬೇಕೆಂದು ಆರಿಸುತ್ತ ಹೋದಾಗ ತಾಯ್ತನದ ಗುಣ ಹಿಂದೆ ಬಿತ್ತು. ಹಳ್ಳಿಯ ಹೆಂಗಸರು ಇದಕ್ಕೆ ತಾವೇ ಪರಿಹಾರ ಹುಡುಕಿದರು: ಗಿರಿರಾಜನ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗಿಟ್ಟರು. ವಿಜ್ಞಾನಿಯ ತಳಿ, ಅಜ್ಜಿಯ ಬುಟ್ಟಿ. ನಾಟಿ ಕೋಳಿಯನ್ನು ಪೂರ್ತಿ ಬಿಟ್ಟು ಹೊಸ ತಳಿಗೆ ಹಾರಿದ ಮನೆಗಳು ಮರಿಗಾಗಿ ಮತ್ತೆ ಹ್ಯಾಚರಿಯ ದಾರಿ ಕಾಯಬೇಕಾಯಿತು. ಎರಡನ್ನೂ ಇಟ್ಟುಕೊಂಡ ಮನೆಗಳಲ್ಲಿ ಹಿಂಡು ತಾನಾಗಿ ಬೆಳೆಯಿತು.

ಕನಸಿನ ಲೆಕ್ಕ

ಈಗ ಈ ಸೀಮೆಗೆ ಹೊಸಬರೂ ಬರುತ್ತಿದ್ದಾರೆ. ಮೈಸೂರು, ಬೆಂಗಳೂರಿನ ಉದ್ಯೋಗದಿಂದ ದಣಿದವರು, ಕೊರೊನಾ ಕಾಲದಲ್ಲಿ ಊರಿಗೆ ಮರಳಿ ಇಲ್ಲೇ ನಿಂತವರು, ಲಕ್ಷ್ಮಣತೀರ್ಥದ ಬಯಲಿನಲ್ಲೋ ಕಬಿನಿಯ ಹಿನ್ನೀರಿನ ಕಡೆಯೋ ಎಕರೆ ನೆಲ ಕೊಂಡವರು. ಜಪಾನಿನ ಫುಕುವೋಕಾನ ಸಹಜ ಕೃಷಿಯ ವಿಚಾರ ಪೂರ್ಣಚಂದ್ರ ತೇಜಸ್ವಿಯವರ ಬರಹದ ಮೂಲಕ ಕನ್ನಡದ ಒಂದು ತಲೆಮಾರನ್ನು ತಟ್ಟಿತ್ತು. ಆ ಹಂಬಲ ಇನ್ನೂ ಜೀವಂತವಾಗಿದೆ. ಹಸು ಸಾಕಲು ಅಂಜುವವರೂ ಮೊದಲು ತರುವುದು ಕೋಳಿಯನ್ನೇ.

ಅವರ ಹಂಬಲವನ್ನು ಗೌರವಿಸಿಯೇ ಲೆಕ್ಕ ಮಾಡೋಣ. ಮನೆಯಲ್ಲಿ ನಾಲ್ವರು, ದಿನಕ್ಕೆ ಎರಡು ಮೊಟ್ಟೆ ಸಾಕು ಎಂದುಕೊಂಡರೆ ವರ್ಷಕ್ಕೆ 730 ಮೊಟ್ಟೆ. ನಾಲ್ಕು ಸ್ವರ್ಣಧಾರಾ ಕೋಳಿಗಳು ಚೆನ್ನಾಗಿ ಇಟ್ಟರೆ ಹೆಚ್ಚುಕಡಿಮೆ ಸಾಕು. ನಾಟಿಯಾದರೆ ಹನ್ನೆರಡಾದರೂ ಬೇಕು, ಅದೂ ಒಂದು ಮೊಟ್ಟೆಯನ್ನೂ ಮರಿ ಮಾಡಿಸದಿದ್ದರೆ. ತಿಂದ ಮೊಟ್ಟೆ ಮರಿಯಾಗದು, ಕಾವಿಗಿಟ್ಟ ಮೊಟ್ಟೆ ತಟ್ಟೆಗೆ ಬಾರದು.

ಮೇವಿನ ಲೆಕ್ಕ ಇನ್ನೂ ಬಿಗಿ. ಕಟ್ಟಿಹಾಕಿ ಸಾಕಿದರೆ ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ ಸುಮಾರು 110 ಗ್ರಾಂ ಆಹಾರ ಬೇಕು. ವರ್ಷಕ್ಕೆ 40 ಕಿಲೋ, ಹತ್ತು ಕೋಳಿಗೆ ನಾಲ್ಕು ಕ್ವಿಂಟಲ್. ಮಳೆಯಾಶ್ರಯದ ಅರ್ಧ ಎಕರೆಯ ರಾಗಿ ಕೋಳಿಗೇ ಮುಡಿಪಾಗಬಹುದು. ಅಷ್ಟು ಕೊಟ್ಟರೂ ಸಾಲದು. ಮೊಟ್ಟೆಯ ಕೋಳಿಗೆ ಆಹಾರದಲ್ಲಿ ಶೇ 16ರಷ್ಟು ಪ್ರೋಟೀನು ಬೇಕು, ರಾಗಿಯಲ್ಲಿರುವುದು ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನು ಹುಳು, ಗೆದ್ದಲು, ಎಳೆಸೊಪ್ಪು, ಕಣದ ಕಾಳು ತುಂಬಬೇಕು. ಮೇವನ್ನೆಲ್ಲ ಅಂಗಡಿಯಿಂದ ತಂದರೆ ಹಿತ್ತಿಲ ಮೊಟ್ಟೆ ಅಂಗಡಿಯ ಮೊಟ್ಟೆಗಿಂತ ದುಬಾರಿಯಾಗುತ್ತದೆ.

ಆದ್ದರಿಂದ ಎಷ್ಟು ಕೋಳಿ ಸಾಕಬಹುದು ಎಂಬುದನ್ನು ತಿಪ್ಪೆ, ಕಣ ಮತ್ತು ಹಿತ್ತಿಲೇ ನಿರ್ಧರಿಸುತ್ತವೆ. ಹಳ್ಳಿಯ ಮನೆಗಳಲ್ಲಿ ಹಿಂಡು ಹತ್ತು-ಹದಿನೈದು ದಾಟದಿರುವುದಕ್ಕೆ ಕಾರಣ ಇದೇ. ಕೋಳಿ ನಿಮ್ಮ ಬೇಲಿಯೊಳಗೆ ಮಾತ್ರ ಮೇಯುವುದೂ ಇಲ್ಲ. ನೆರೆಯವರ ಕಣ, ಹಿಂದಿನ ಮನೆಯ ಕೊಟ್ಟಿಗೆ, ಬೀದಿಯ ಚರಂಡಿಯ ದಂಡೆ ಎಲ್ಲವೂ ಅದರ ಊಟದ ಮನೆ. ಒಬ್ಬರ ಮೊಟ್ಟೆಯಲ್ಲಿ ನಾಲ್ಕು ಮನೆಗಳ ಚೆಲ್ಲಿದ ಕಾಳಿರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಇದೇ ಪಾಠ ಕಲಿಯಿತು. ಜನ ಹಿತ್ತಿಲಲ್ಲಿ ಕೋಳಿ ಸಾಕಲಿ ಎಂದು ಸರ್ಕಾರ ಹುರಿದುಂಬಿಸಿತು. ಸಾಕಿದವರು ಪಡಿತರದ ಮೊಟ್ಟೆ ಬಿಟ್ಟುಕೊಟ್ಟರು, ಬದಲಿಗೆ ಅವರಿಗೆ ಕೋಳಿ ಮೇವಿನ ಪಡಿತರ ಸಿಕ್ಕಿತು. ಅಡುಗೆಮನೆಯ ಸಿಪ್ಪೆಯ ಜೊತೆ ಆ ಮೇವನ್ನು ಬೆರೆಸಿದಾಗ ಹಿಂಡು ಉಳಿಯಿತು. ಮನೆಯ ಶ್ರಮಕ್ಕೆ ಸಮಾಜದ ಬೆಂಬಲ ಸೇರಿದ್ದರಿಂದ ಮೊಟ್ಟೆ ದಕ್ಕಿತು.

[ ಅಂಕಿ-ಅಂಶ ]

* 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಕೋಳಿ-ಬಾತುಗಳ ಸಂಖ್ಯೆ 85.18 ಕೋಟಿ. ಇದರಲ್ಲಿ ಹಿತ್ತಿಲದ್ದು 31.7 ಕೋಟಿ.
* 2012ರಿಂದ 2019ರ ನಡುವೆ ಹಿತ್ತಿಲ ಹಕ್ಕಿಗಳ ಸಂಖ್ಯೆ ಶೇ 45.8ರಷ್ಟು ಏರಿತು. ಫಾರಂ ಹಕ್ಕಿಗಳ ಏರಿಕೆ ಶೇ 4.5.
* 2023-24ರಲ್ಲಿ ದೇಶದ ಮೊಟ್ಟೆ ಉತ್ಪಾದನೆ 14,277 ಕೋಟಿ. ತಲೆಗೆ ವರ್ಷಕ್ಕೆ 103. ಪೌಷ್ಟಿಕ ತಜ್ಞರ ಶಿಫಾರಸು 180.
* ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು.
* ಮರಿ ಬೇಕೆಂದರೆ ಎಂಟು-ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ತಿನ್ನುವ ಮೊಟ್ಟೆಗೆ ಹುಂಜವೇ ಬೇಡ.

ಕೊಕ್ಕರೆ ರೋಗ ಬಂದ ವಾರ

ಕಾಡಂಚಿನ ಕೋಳಿಗೆ ಶತ್ರುಗಳು ಹಲವು. ಹಗಲಲ್ಲಿ ಗಿಡುಗ, ಮುಂಗುಸಿ. ರಾತ್ರಿ ಕಾಡುಬೆಕ್ಕು, ಹಾವು, ಒಮ್ಮೊಮ್ಮೆ ಚಿರತೆ. ಇವುಗಳಿಗೆ ಗಟ್ಟಿ ಗೂಡು, ಚಿಲಕ ಹಾಕುವ ಬಾಗಿಲು, ಮುಳ್ಳಿನ ಬೇಲಿ ಸಾಕು. ಸತ್ತ ಕೋಳಿಯನ್ನೋ ಪುಕ್ಕ, ಕರುಳನ್ನೋ ರಸ್ತೆ ಬದಿಗೆ ಎಸೆಯದಿರುವುದೂ ಕಾವಲೇ. ಆ ವಾಸನೆ ನಾಯಿಗಳನ್ನು ಕರೆಯುತ್ತದೆ, ನಾಯಿಗಳ ಬೆನ್ನಿಗೆ ಚಿರತೆ ಊರೊಳಗೆ ಬರುತ್ತದೆ.

ಆದರೆ ಹಿತ್ತಿಲನ್ನು ಒಂದೇ ವಾರದಲ್ಲಿ ಬರಿದು ಮಾಡುವ ಶತ್ರು ಕಣ್ಣಿಗೆ ಕಾಣದು. ಅದು ಕೊಕ್ಕರೆ ರೋಗ. ಕೋಳಿ ಮಂಕಾಗುತ್ತದೆ, ಹಸಿರು ಭೇದಿ ಹತ್ತುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಕತ್ತು ತಿರುಚಿಕೊಂಡು ಬೀಳುತ್ತದೆ. 1920ರ ದಶಕದ ಕೊನೆಯಲ್ಲಿ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿ ಗುರುತಿಸಿದ್ದರಿಂದ ಪಶುವೈದ್ಯರು ಅದನ್ನು ರಾಣಿಖೇತ್ ರೋಗ ಎನ್ನುತ್ತಾರೆ. ಬಂದಮೇಲೆ ಮದ್ದಿಲ್ಲ. ಬೇಸಿಗೆಯ ಕೊನೆಯಲ್ಲಿ, ಹವೆ ಬದಲಾಗುವ ಹೊತ್ತಿನಲ್ಲಿ ಒಂದು ಮನೆಗೆ ಹೊಕ್ಕರೆ ಬೀದಿಯನ್ನೆಲ್ಲ ಗುಡಿಸಿಹಾಕುತ್ತದೆ. ಸಂತೆಯಿಂದ ತಂದ ಒಂದು ಹುಂಜವೇ ಅದನ್ನು ಹೊತ್ತು ತರಬಲ್ಲದು.

ತಡೆಯುವ ಲಸಿಕೆ ಇದೆ, ಬೆಲೆಯೂ ಹೆಚ್ಚಲ್ಲ. ಮರಿ ಹುಟ್ಟಿದ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ, ನಾಲ್ಕನೆಯ ವಾರ ಇನ್ನೊಮ್ಮೆ, ಎಂಟು ವಾರ ದಾಟಿದ ಮೇಲೆ ರೆಕ್ಕೆಯಡಿ ಆರ್2ಬಿ ಚುಚ್ಚುಮದ್ದು. ಇಷ್ಟು ಮಾಡಿದ ಹಿಂಡು ಬಹುಪಾಲು ಉಳಿಯುತ್ತದೆ.

ಸ್ವಾವಲಂಬನೆಯ ಕನಸು ಎಡವುವುದು ಇಲ್ಲಿ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಗೆ, ಅದಕ್ಕಿಂತ ಹೆಚ್ಚಿಗೆ ಆಗುವಂತೆ ಬರುತ್ತದೆ. ಅದನ್ನು ಫ್ರಿಜ್‌ನಿಂದ ಮಂಜುಗಡ್ಡೆಯ ಡಬ್ಬಿಯಲ್ಲೇ ತರಬೇಕು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಹತ್ತು ಕೋಳಿಯವರು ಒಬ್ಬರೇ ಸೀಸೆ ಒಡೆದರೆ ತೊಂಬತ್ತು ಕೋಳಿಯ ಮದ್ದು ಮಣ್ಣು ಪಾಲು. ಒಬ್ಬರೇ ಹಾಕಿಸಿದರೂ ಸುತ್ತಲಿನ ಹಿತ್ತಿಲುಗಳಲ್ಲಿ ರೋಗ ಸುತ್ತುತ್ತಿರುತ್ತದೆ, ಹೊಸದಾಗಿ ಹುಟ್ಟಿದ ಮರಿಗಳಿಗೆ ಅದು ಕಾದಿರುತ್ತದೆ.

ಹತ್ತು ಮನೆ, ನೂರು ಕೋಳಿ, ಒಂದು ಸೀಸೆ. ಕೋಳಿ ಸಾಕಣೆಯ ನಿಜವಾದ ಅಳತೆ ಇದು.

ಹಕ್ಕಿಜ್ವರದ ಕಾಲದಲ್ಲೂ ಇದೇ ಮಾತು. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಸುತ್ತಲಿನ ಸಾಕುಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು. ಯಾರ ಹಿತ್ತಿಲೂ ದ್ವೀಪವಾಗಿ ಉಳಿಯಲಿಲ್ಲ. ಹಿಂಡಿನಲ್ಲಿ ಒಮ್ಮೆಲೇ ಸಾವು ಕಂಡರೆ ಮುಚ್ಚಿಡದೆ ಪಶು ಆಸ್ಪತ್ರೆಗೆ ತಿಳಿಸುವುದು ನೆರೆಮನೆಗೆ ಮಾಡುವ ಉಪಕಾರ. ನಾಗರಹೊಳೆಯ ಪಕ್ಕದಲ್ಲಿ ಅದು ಕಾಡಿನ ಹಕ್ಕಿಗಳಿಗೂ ಮಾಡುವ ಉಪಕಾರ.

ಅಜ್ಜಿಯ ಕೋಳಿ, ಊರಿನ ಬೆಳಗು

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು, ತನ್ನ ಒಲೆಯ ಕೆಂಡ ಸಿಗದಿದ್ದರೆ ಊರಿನಲ್ಲಿ ಅಡುಗೆಯಾಗದು ಎಂದು ನಂಬಿದ್ದ ಅಜ್ಜಿಯ ಕತೆ ಕನ್ನಡಿಗರಿಗೆಲ್ಲ ಗೊತ್ತು. ಮುನಿಸಿಕೊಂಡ ಅಜ್ಜಿ ಕೋಳಿಯನ್ನೂ ಕೆಂಡವನ್ನೂ ಕಟ್ಟಿಕೊಂಡು ಕಾಡು ಸೇರುತ್ತಾಳೆ. ಊರಿಗೆ ಬೆಳಗಾಗುತ್ತದೆ, ಅಡುಗೆಯೂ ಆಗುತ್ತದೆ.

ಈ ಕತೆಯನ್ನು ನಾವು ಜಂಬಕ್ಕೆ ಬುದ್ಧಿ ಹೇಳಲು ಬಳಸುತ್ತೇವೆ. ಅದರಲ್ಲಿ ಇನ್ನೊಂದು ಮಾತೂ ಇದೆ. ಕೋಳಿ, ಬೆಂಕಿ ಎರಡೂ ಇದ್ದ ಅಜ್ಜಿ ಕಾಡಿನಲ್ಲಿ ಒಂಟಿಯಾದಳು. ಬೇಲಿ ಹಾಕಿಕೊಂಡು ಯಾರ ಹಂಗೂ ಬೇಡವೆಂದು ಕೂರುವ ಸ್ವಾವಲಂಬನೆಯ ಕೊನೆ ಅದು. ಗಾಂಧೀಜಿ ಕಂಡ ಸ್ವಾವಲಂಬನೆಯ ಘಟಕ ಹಳ್ಳಿ, ಒಂಟಿ ಮನೆಯಲ್ಲ. ಇದೇ ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1920ರ ದಶಕದಲ್ಲಿ ಖಾದಿ ಕೇಂದ್ರ ಕಟ್ಟಿದವರೂ, 2015ರಲ್ಲಿ ಅದೇ ನೆಲದಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಕೂತವರೂ ಅದನ್ನೇ ಹಿಡಿದು ನಡೆದರು.

ವೀರನಹೊಸಹಳ್ಳಿಯ ಬಳಿಯ ನಾಗಾಪುರಕ್ಕೆ ಬಂದರೆ ಈ ಮಾತಿನ ತೂಕ ಇನ್ನೂ ಹೆಚ್ಚುತ್ತದೆ. ನಾಗರಹೊಳೆಯ ಒಳಗಿದ್ದ ಜೇನುಕುರುಬರ ಹಾಡಿಗಳನ್ನು 2000ದ ಆಸುಪಾಸಿನಲ್ಲಿ ಇಲ್ಲಿಗೆ ತಂದು ನೆಲೆಯೂರಿಸಿದರು. ಜೇನು, ಗೆಡ್ಡೆ, ಸೊಪ್ಪು, ಮೀನು ಕೊಡುತ್ತಿದ್ದ ಕಾಡು ದೂರವಾಯಿತು, ಊಟದ ಪ್ರೋಟೀನು ತಟ್ಟೆಯಿಂದ ಇಳಿಯಿತು. ಕಾಡಿನ ಸಮುದಾಯಗಳಿಗೆ ಸರ್ಕಾರ ಕೊಡುವ ಪೌಷ್ಟಿಕ ಆಹಾರದ ಕಿಟ್‌ನಲ್ಲಿ ಮೊಟ್ಟೆಯಿದೆ, ಶಾಲೆಯ ಬಿಸಿಯೂಟದಲ್ಲೂ ಮೊಟ್ಟೆ ಬಂದಿದೆ. ಇವು ಬೇಕೇ ಬೇಕು. ಆದರೆ ದೂರದ ಫಾರಂನಿಂದ ಲಾರಿಯಲ್ಲಿ ಬರುವ ಮೊಟ್ಟೆಯ ಒಂದು ಪಾಲಾದರೂ ಹಾಡಿಯ ಹಿತ್ತಿಲಲ್ಲೇ ಸಿಗುವಂತಾದರೆ ತಾಯಂದಿರ ಕೈಗೆ ಆಹಾರವೂ ಬರುತ್ತದೆ, ನಾಲ್ಕು ಕಾಸೂ ಬರುತ್ತದೆ.

ಬೇಕಾದದ್ದು ದೊಡ್ಡದಲ್ಲ

ಪಶುಪಾಲನಾ ಇಲಾಖೆ ಗ್ರಾಮೀಣ ಮಹಿಳೆಯರಿಗೆ ಕೋಳಿಮರಿ ಹಂಚಿದ್ದುಂಟು. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ ಸಾವಿರ ತಾಯಿಕೋಳಿಗಳ ಹ್ಯಾಚರಿ ಘಟಕಕ್ಕೆ ಗರಿಷ್ಠ 25 ಲಕ್ಷ ರೂಪಾಯಿಯವರೆಗೆ ಶೇ 50ರ ಸಹಾಯಧನ ಕೊಡುತ್ತದೆ. ಮರಿ ಹಂಚುವುದು ಸುಲಭ, ಆರು ತಿಂಗಳ ನಂತರವೂ ಆ ಮರಿ ಬದುಕಿರುವಂತೆ ನೋಡಿಕೊಳ್ಳುವುದು ಕಷ್ಟ. ಎರಡನೆಯದಕ್ಕೆ ಬೇಕಾದ ಸಾಧನಗಳು ಹಳ್ಳಿಯಲ್ಲೇ ಇವೆ.

ಬೆಳಗ್ಗೆ, ಸಂಜೆ ಹೆಂಗಸರು ಸೇರುವ ಹಾಲಿನ ಡೇರಿ ಇದೆ. ಸ್ತ್ರೀಶಕ್ತಿ ಸಂಘವಿದೆ. ಜಾನುವಾರು ಆರೈಕೆಯ ತರಬೇತಿ ಪಡೆದ ಪಶು ಸಖಿಯರಿದ್ದಾರೆ. ತಿಂಗಳಿಗೊಂದು ದಿನ ಗೊತ್ತು ಮಾಡಿ, ಐಸ್ ಡಬ್ಬಿಯಲ್ಲಿ ಲಸಿಕೆ ತಂದು, ಕೋಳಿಗಳು ಗೂಡು ಸೇರುವ ಸಂಜೆಯ ಹೊತ್ತಿಗೆ ಬೀದಿಯುದ್ದಕ್ಕೂ ಹನಿ ಹಾಕುತ್ತ ಹೋದರೆ ಸಾಕು. ಸಖಿಗೆ ಕೋಳಿಗೆ ಇಷ್ಟು ಎಂದು ಕೂಲಿ ಕೊಟ್ಟರೆ ಅವಳ ಮನೆಯೂ ನಡೆಯುತ್ತದೆ. ಸಂತೆಯಿಂದ ಬಂದ ಹೊಸ ಕೋಳಿಯನ್ನು ಎರಡು ವಾರ ಬೇರೆ ಇಡಬೇಕು ಎಂಬ ಕಟ್ಟಳೆಯನ್ನು ಬೀದಿಯವರೇ ಮಾಡಿಕೊಂಡರೆ ರೋಗದ ಅರ್ಧ ದಾರಿ ಮುಚ್ಚುತ್ತದೆ.

ಪಟ್ಟಣದಿಂದ ಬಂದು ನೆಲ ಕೊಂಡವರಿಗೂ ಇದರಲ್ಲಿ ಪಾಲಿದೆ. ಅವರಲ್ಲಿ ಫ್ರಿಜ್ ಇದೆ, ವಾಹನವಿದೆ, ಇಲಾಖೆಗೆ ಅರ್ಜಿ ಬರೆಯುವ ಅನುಭವವಿದೆ. ಊರಿನವರಲ್ಲಿ ಕಾವು ಕೂರುವ ಹ್ಯಾಟೆ ಇದೆ, ಗಿಡುಗ ಬಂದದ್ದನ್ನು ಕೋಳಿಯ ಸದ್ದಿನಲ್ಲೇ ಗುರುತಿಸುವ ಕಿವಿ ಇದೆ, ಯಾವ ಮೊಟ್ಟೆ ಮರಿಯಾದೀತು ಎಂದು ಹೇಳುವ ಕಣ್ಣಿದೆ. ಈ ಎರಡು ಕೂಡಿದ ಕಡೆ ಹಿಂಡು ಉಳಿಯುತ್ತದೆ.

ಆದ್ದರಿಂದ ಕೋಳಿ ಸಾಕಬೇಕೆಂದು ಹೊರಟವರು ಗೂಡಿನ ನಕ್ಷೆಗಿಂತ ಮೊದಲು ಬೀದಿಯ ನಕ್ಷೆ ಬರೆಯಲಿ. ಯಾರ ಮನೆಯಲ್ಲಿ ಎಷ್ಟು ಕೋಳಿ, ಯಾರ ಹುಂಜ ಒಳ್ಳೆಯದು, ಯಾರ ಹ್ಯಾಟೆ ಕಾವಿಗೆ ಬಂದಿದೆ, ಲಸಿಕೆಗೆ ಯಾವ ದಿನ ಅನುಕೂಲ ಎಂಬುದನ್ನು ಬಾಗಿಲು ಬಾಗಿಲಿಗೆ ಹೋಗಿ ಕೇಳಲಿ. ನೂರು ಕೋಳಿಯ ಲೆಕ್ಕ ತುಂಬಿದ ದಿನ ಮೊದಲ ಮರಿಯನ್ನು ತರಲಿ.